ಮನೆಯ ಇಂಗ್ಲಿಷ್, ಶಾಲೆಯ ಇಂಗ್ಲಿಷ್

ಇಂಗ್ಲೆಂಡಿನಲ್ಲಿ ಶಿಷ್ಟ ಇಂಗ್ಲಿಷ್ ಎನಿಸಿಕೊಂಡಿರುವುದೂ ಮೂಲದಲ್ಲಿ ಒಂದು ಸೀಮೆಯ ಆಡುಮಾತೇ. ಅರಮನೆ, ನ್ಯಾಯಾಲಯ, ವ್ಯಾಪಾರ ಎಲ್ಲವೂ ಲಂಡನ್ನಿನಲ್ಲಿ ನೆಲೆಸಿದ್ದರಿಂದ ಅಲ್ಲಿನ ಇಂಗ್ಲಿಷಿಗೆ ಬೆಲೆ ಬಂತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಅದೇ ಇಂಗ್ಲಿಷ್ ಪುಸ್ತಕಗಳ ಮೂಲಕ ಊರೂರಿಗೆ ಹಬ್ಬಿತು. ಉಳಿದ ಸೀಮೆಗಳ ಮಾತು ತಪ್ಪು ಎಂಬ ಭಾವನೆ ಬೇರೂರಿದ್ದು ಬಹಳ ತಡವಾಗಿ. ಒಂದೇ ವಾಕ್ಯದಲ್ಲಿ ಎರಡು ಸಲ ನಿಷೇಧ ಹೇಳುವ 'ಐ ಡೋಂಟ್ ವಾಂಟ್ ನನ್' ಎಂಬ ಮಾದರಿಯನ್ನೇ ನೋಡಬಹುದು. ಚಾಸರ್ ಕವಿಯ ಕಾಲಕ್ಕೆ ಅದು ಸಹಜ ಬಳಕೆಯಾಗಿತ್ತು. ಅದು ತರ್ಕಕ್ಕೆ ವಿರುದ್ಧ ಎಂದು 18ನೇ ಶತಮಾನದ ವ್ಯಾಕರಣಕಾರರು ಸಾರಿದರು. ಶಾಲೆಗಳು ಅವರ ಮಾತನ್ನೇ ನಂಬಿಕೊಂಡು ಬಂದವು.

ಬಡವರ ಮಕ್ಕಳಿಗೆ ಈ ಕಟ್ಟುಪಾಡು ಮುಟ್ಟಿದ್ದು 19ನೇ ಶತಮಾನದಲ್ಲಿ. 1862ರಲ್ಲಿ ರಾಬರ್ಟ್ ಲೋ ತಂದ ಪರಿಷ್ಕೃತ ನಿಯಮಾವಳಿ ಶಾಲೆಗಳ ಅನುದಾನವನ್ನು ಪರೀಕ್ಷೆಗೆ ಕಟ್ಟಿಹಾಕಿತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕಗಳಲ್ಲಿ ಪ್ರತಿಯೊಂದು ಮಗುವನ್ನೂ ಪರೀಕ್ಷಿಸುತ್ತಿದ್ದ. ಮಗು ಒಂದು ವಿಷಯದಲ್ಲಿ ಸೋತರೆ ಶಾಲೆಗೆ 2 ಶಿಲಿಂಗ್ 8 ಪೆನ್ಸ್ ಖೋತಾ ಆಗುತ್ತಿತ್ತು. ಹೀಗಾಗಿ ಗೊತ್ತುಪಡಿಸಿದ ಪುಸ್ತಕವನ್ನು ತಪ್ಪಿಲ್ಲದೆ ಒಪ್ಪಿಸುವುದೇ ಓದು ಎನಿಸಿತು. ಮಗು ಮನೆಯಿಂದ ತಂದ ಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲ. 1870ರ ಶಿಕ್ಷಣ ಕಾಯ್ದೆಯಿಂದ ಶಾಲೆಗಳ ಸಂಖ್ಯೆ ಬೆಳೆಯಿತು, 1880ರಲ್ಲಿ ಹಾಜರಿ ಕಡ್ಡಾಯವಾಯಿತು. ಯಾರ್ಕ್‌ಶೈರ್, ಲ್ಯಾಂಕಶೈರ್, ಡೆವನ್ ಸೀಮೆಗಳ ಲಕ್ಷಾಂತರ ಮಕ್ಕಳು ಮನೆಯಲ್ಲೊಂದು, ತರಗತಿಯಲ್ಲೊಂದು ಇಂಗ್ಲಿಷ್ ಆಡುವ ಸ್ಥಿತಿಗೆ ಬಂದರು.

ಆ ಪೀಳಿಗೆಯಲ್ಲಿ ಜೋಸೆಫ್ ರೈಟ್ ಎಂಬಾತನ ಬದುಕು ಗಮನಾರ್ಹವಾದುದು. 1855ರಲ್ಲಿ ಬ್ರಾಡ್‌ಫರ್ಡ್ ಬಳಿಯ ಥ್ಯಾಕ್ಲಿಯಲ್ಲಿ ಹುಟ್ಟಿದ ಅವನು ಆರನೇ ವಯಸ್ಸಿಗೆ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆಯುವ ಕೂಲಿಗೆ ಸೇರಿದ. ಆಮೇಲೆ ಸಾಲ್ಟೇರಿನ ಉಣ್ಣೆ ಗಿರಣಿಯಲ್ಲಿ, ನೂಲು ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವ ಕೆಲಸ ಮಾಡಿದ. ಓದಲು ಕಲಿತದ್ದು ಹದಿನೈದರ ಆಸುಪಾಸಿನಲ್ಲಿ. ಅಲ್ಲಿಂದ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1901ರಲ್ಲಿ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕನಾದ. ಹುಟ್ಟೂರಿನ ಪಕ್ಕದ ವಿಂಡ್‌ಹಿಲ್ಲಿನ ಆಡುಮಾತಿಗೆ ಅವನು 1892ರಲ್ಲೇ ವ್ಯಾಕರಣ ಬರೆದಿದ್ದ. 1898ರಿಂದ 1905ರವರೆಗೆ ಅವನು ಹೊರತಂದ ಇಂಗ್ಲಿಷ್ ಉಪಭಾಷಾ ನಿಘಂಟು ಆರು ಸಂಪುಟಗಳದು. ಗಿರಣಿ ಹುಡುಗನ ಮಾತಿಗೂ ಕ್ರಮಬದ್ಧ ನಿಯಮಗಳಿವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೂ ಶಾಲೆಗಳು ಆ ಕಡೆ ತಿರುಗಿ ನೋಡಲಿಲ್ಲ.

1921ರಲ್ಲಿ ಹೆನ್ರಿ ನ್ಯೂಬೋಲ್ಟ್ ಅಧ್ಯಕ್ಷತೆಯ ಸಮಿತಿ ಇಂಗ್ಲಿಷ್ ಬೋಧನೆಯ ಬಗ್ಗೆ ವರದಿ ಕೊಟ್ಟಿತು. ಎಲ್ಲ ವರ್ಗದ ಮಕ್ಕಳಿಗೂ ಸಾಹಿತ್ಯ ಸಿಗಬೇಕು ಎಂಬ ಅದರ ಆಶಯ ಉದಾರವಾದುದೇ. ಆದರೆ ಮಕ್ಕಳ ಮಾತಿನ ವಿಷಯಕ್ಕೆ ಬಂದಾಗ ಅದು ಮನೆ ಮತ್ತು ಬೀದಿಯ ಕೆಟ್ಟ ಅಭ್ಯಾಸಗಳ ವಿರುದ್ಧ ಶಿಕ್ಷಕರು ಹೋರಾಡಬೇಕೆಂಬ ಧಾಟಿ ಹಿಡಿಯಿತು. ಕೆಟ್ಟ ಇಂಗ್ಲಿಷ್ ಕಲಿತ ಮಗು ಕೆಟ್ಟ ಆಲೋಚನೆಯನ್ನೂ ಕಲಿಯುತ್ತದೆ ಎಂಬ ನಂಬಿಕೆ ಅದರಲ್ಲಿತ್ತು. ಮಾತಿನ ರೂಪದಿಂದ ಬುದ್ಧಿಯನ್ನು ಅಳೆಯುವ ಈ ನಂಬಿಕೆ ಮುಂದೆ ಬಹಳ ಹಾನಿ ಮಾಡಿತು.

ಆ ಹಾನಿ ಕಣ್ಣಿಗೆ ರಾಚಿದ್ದು ಕೆರಿಬಿಯನ್ ವಲಸಿಗರ ಮಕ್ಕಳ ವಿಷಯದಲ್ಲಿ. ಜಮೈಕಾ ಮೊದಲಾದ ದ್ವೀಪಗಳಿಂದ ಬಂದ ಕುಟುಂಬಗಳು ಆಡುತ್ತಿದ್ದ ಕ್ರಿಯೋಲ್, ಇಂಗ್ಲಿಷ್ ಪದಗಳಿದ್ದರೂ ತನ್ನದೇ ವ್ಯಾಕರಣವಿದ್ದ ಮಾತು. ಅದನ್ನು ಅರಿಯದ ಶಾಲೆಗಳು ಮಕ್ಕಳನ್ನೇ ಮಂದಬುದ್ಧಿಯವರೆಂದು ಎಣಿಸಿದವು. ಲಂಡನ್ನಿನಲ್ಲಿ ಶಿಕ್ಷಕನಾಗಿದ್ದ ಗ್ರೆನೆಡಾ ಮೂಲದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಬರೆದ ಕಿರುಪುಸ್ತಕ, ಈ ಮಕ್ಕಳನ್ನು ಅವರ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚಾಗಿ ಬುದ್ಧಿಮಾಂದ್ಯರ ಶಾಲೆಗಳಿಗೆ ಅಟ್ಟಲಾಗುತ್ತಿದೆ ಎಂದು ಬಯಲಿಗೆಳೆಯಿತು.

1975 ತಿರುವಿನ ವರ್ಷ. ಮನೆಯ ಭಾಷೆಯನ್ನೂ ಸಂಸ್ಕೃತಿಯನ್ನೂ ಶಾಲೆಯ ಹೊಸ್ತಿಲಲ್ಲಿ ಕಳಚಿಟ್ಟು ಒಳಗೆ ಬಾ ಎಂದು ಯಾವ ಮಗುವಿಗೂ ಹೇಳಕೂಡದು ಎಂಬ ನಿಲುವನ್ನು ಇಂಗ್ಲಿಷ್ ಬೋಧನೆ ಕುರಿತ ಬುಲಕ್ ಸಮಿತಿಯ ವರದಿ ತಳೆಯಿತು. ಅದೇ ವರ್ಷ ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ಶಿಕ್ಷಕರಿಗಾಗಿ ಬರೆದ ಪುಸ್ತಕದಲ್ಲಿ ಉಚ್ಚಾರಣೆ ಬೇರೆ, ಉಪಭಾಷೆ ಬೇರೆ ಎಂದು ಬಿಡಿಸಿ ತೋರಿಸಿದರು: ಶಿಷ್ಟ ಇಂಗ್ಲಿಷನ್ನು ಯಾವ ಸೀಮೆಯ ಉಚ್ಚಾರಣೆಯಲ್ಲಿ ಬೇಕಾದರೂ ಆಡಬಹುದು. ರೆಡಿಂಗ್ ಪಟ್ಟಣದ ಹದಿಹರೆಯದವರ ಮಾತನ್ನು ಆಟದ ಜಾಗದಲ್ಲೂ ಶಾಲೆಯಲ್ಲೂ ಧ್ವನಿಮುದ್ರಿಸಿದ ಜೆನ್ನಿ ಚೆಷರ್, 'ಐ ನೋಸ್' ಎಂಬಂಥ ಸ್ಥಳೀಯ ರೂಪಗಳು ತರಗತಿಯಲ್ಲಿ ಬಹುಪಾಲು ಹುಡುಗರ ಬಾಯಲ್ಲಿ ತಾವಾಗಿಯೇ ಕಡಿಮೆಯಾಗುವುದನ್ನು ಕಂಡರು. ಶಾಲೆಯ ಮೇಲೆ ಮುನಿಸಿದ್ದ ಕೆಲವರಲ್ಲಿ ಮಾತ್ರ ಅವು ಹಾಗೆಯೇ ಉಳಿದವು. ಶಿಷ್ಟರೂಪ ಬಾರದಿರುವುದಕ್ಕಿಂತ, ಶಾಲೆ ತಮ್ಮದಲ್ಲ ಎಂಬ ಅನಿಸಿಕೆಯೇ ಅಲ್ಲಿ ಕೆಲಸ ಮಾಡಿದೆ ಎಂದು ತಿಳಿಯಲು ಇದರಿಂದ ಅವಕಾಶವಾಯಿತು.

ರಾಷ್ಟ್ರೀಯ ಪಠ್ಯಕ್ರಮ ರೂಪುಗೊಳ್ಳುವಾಗ 1989ರಲ್ಲಿ ಬಂದ ಬ್ರಯನ್ ಕಾಕ್ಸ್ ವರದಿ ಹದವಾದ ದಾರಿ ತೋರಿತು. ಶಿಷ್ಟ ಇಂಗ್ಲಿಷ್ ಕಲಿಯುವುದು ಪ್ರತಿ ಮಗುವಿನ ಹಕ್ಕು. ಅದನ್ನು ಕಲಿಸಲು ಮನೆಯ ಮಾತನ್ನು ಹಳಿಯಬೇಕಾಗಿಲ್ಲ. ಶಿಕ್ಷಕರಿಗೆ ಭಾಷೆಯ ಸ್ವರೂಪ ತಿಳಿಸಲು ರೊನಾಲ್ಡ್ ಕಾರ್ಟರ್ ನೇತೃತ್ವದಲ್ಲಿ ಸುಮಾರು 2.1 ಕೋಟಿ ಪೌಂಡ್ ವೆಚ್ಚದ ಯೋಜನೆಯೂ ನಡೆಯಿತು. ಆದರೆ ಅದು ಸಿದ್ಧಪಡಿಸಿದ ಸಾಮಗ್ರಿಯಲ್ಲಿ ಭಾಷೆಯ ವೈವಿಧ್ಯಕ್ಕೆ ಒತ್ತು ಹೆಚ್ಚಾಗಿದೆ ಎಂದು 1991ರಲ್ಲಿ ಸರ್ಕಾರ ಪ್ರಕಟಣೆಯನ್ನು ತಡೆಹಿಡಿಯಿತು. ಇದು ವಿವೇಕದ ನಿರ್ಧಾರವಾಗಿರಲಿಲ್ಲ. ಉಪಭಾಷೆಯ ರಚನೆ ಗೊತ್ತಿರುವ ಶಿಕ್ಷಕನೇ ಮಗು ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂದು ನಿಖರವಾಗಿ ಹೇಳಬಲ್ಲ.

2014ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಎಂಟು, ಒಂಬತ್ತು ವರ್ಷದ ಮಕ್ಕಳ ತರಗತಿಯಲ್ಲಿ 'ವಿ ವಾಸ್' ಬದಲು 'ವಿ ವರ್', 'ಐ ಡನ್' ಬದಲು 'ಐ ಡಿಡ್' ಕಲಿಸಬೇಕೆಂದು ಹೇಳುತ್ತದೆ. ಅದು ಈ ರೂಪಗಳನ್ನು ಸ್ಥಳೀಯ ಆಡುಮಾತಿನ ರೂಪಗಳೆಂದು ಕರೆದಿರುವುದು ಒಳ್ಳೆಯದೇ. ವ್ಯವಹಾರದಲ್ಲಿ ಈ ಸೂಕ್ಷ್ಮ ಉಳಿಯುವುದು ಕಷ್ಟ. ಈ ಪಠ್ಯಕ್ರಮ ಜಾರಿಗೆ ಬರುವ ಮುನ್ನವೇ, 2013ರಲ್ಲಿ, ಮಿಡಲ್ಸ್‌ಬರೋದ ಪ್ರಾಥಮಿಕ ಶಾಲೆಯೊಂದು ಪೋಷಕರಿಗೆ ಪತ್ರ ಬರೆದು, ಮಕ್ಕಳು ಮನೆಯಲ್ಲಿ ಆಡುವ ಟೀಸ್‌ಸೈಡ್ ಮಾತುಗಳನ್ನು ತಿದ್ದಿರೆಂದು ಪಟ್ಟಿಯನ್ನೇ ಕೊಟ್ಟಿತು. ಅದೇ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ತಿಂಗಳುಗಟ್ಟಲೆ ಅಧ್ಯಯನ ನಡೆಸಿದ್ದ ಜೂಲಿಯಾ ಸ್ನೆಲ್ ಕಂಡಿದ್ದು ಬೇರೆಯೇ: ಅಲ್ಲಿನ ಮಕ್ಕಳ ಮಾತಿನಲ್ಲಿ ಶಿಷ್ಟರೂಪಗಳೂ ಬೇಕಾದಷ್ಟಿದ್ದವು. ಗೆಳೆಯರನ್ನು ಒಲಿಸಲು, ಛೇಡಿಸಲು ಸ್ಥಳೀಯ ರೂಪಗಳನ್ನು ಅವರು ಸಂದರ್ಭ ನೋಡಿ ಬಳಸುತ್ತಿದ್ದರು. ಈ ಮಕ್ಕಳಿಗೆ ಭಾಷೆಯ ಕೊರತೆಯಿತ್ತು ಎನ್ನಲು ಆಧಾರವಿಲ್ಲ. ಬರವಣಿಗೆಯಲ್ಲಿ ಶಿಷ್ಟರೂಪ ಕಲಿಸುವುದು ಶಾಲೆಯ ಕೆಲಸ. ಮನೆಯ ಮಾತನ್ನು ತಿದ್ದಿರೆಂದು ತಂದೆತಾಯಿಗೆ ಪಟ್ಟಿ ಕಳಿಸುವುದು ಅದರ ಕೆಲಸವಲ್ಲ.