ಕಪ್ಪದ ಮಾತು, ದತ್ತಕದ ಜಗಳ

ಅಂಕಲಿ, ಚಿಕ್ಕೋಡಿ ಸೀಮೆಯ ಶಾಲೆಗಳಲ್ಲಿ ಛದ್ಮವೇಷ ಸ್ಪರ್ಧೆ ನಡೆದರೆ ಕಿತ್ತೂರು ಚೆನ್ನಮ್ಮನ ವೇಷದ ಹುಡುಗಿಯೊಬ್ಬಳು ಇರುವುದು ಸಾಮಾನ್ಯ. ರಟ್ಟಿನ ಕತ್ತಿ ಎತ್ತಿ ಅವಳು ಕೇಳುವುದು ಕಪ್ಪ ಏಕೆ ಕೊಡಬೇಕೆಂದು. ಆ ಪ್ರಶ್ನೆ ಮನೆಮಾತಾದದ್ದು ಬಿ.ಆರ್. ಪಂತುಲು ಅವರ 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಿಂದ; ಅದಕ್ಕೆ ದನಿ ಕೊಟ್ಟವರು ಬಿ. ಸರೋಜಾದೇವಿ.

ಆದರೆ 1824ರ ಜಗಳ ಹೊತ್ತಿದ್ದು ಕಪ್ಪಕ್ಕಲ್ಲ. ಕಿತ್ತೂರು ಸಂಸ್ಥಾನ ಅದಾಗಲೇ ಕಂಪನಿ ಸರ್ಕಾರಕ್ಕೆ ವಾರ್ಷಿಕ ಕಾಣಿಕೆ ಸಲ್ಲಿಸುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಪಡೆದ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಕಾವಲು ಹಾಕಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಅವನೇ ಸತ್ತ.

ಹಾಗಾದರೆ ಕಪ್ಪದ ಮಾತಿಗೆ ಅಷ್ಟು ಬಲ ಬಂದದ್ದು ಎಲ್ಲಿಂದ? ಪಂತುಲು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ತೆಗೆದಿದ್ದರು. ಕಟ್ಟಬೊಮ್ಮನ ಜಗಳ ನಿಜಕ್ಕೂ ಕಂದಾಯದ್ದು. ಶಿವಾಜಿ ಗಣೇಶನ್ ಅವರ ಆ ಗುಡುಗಿಗೆ ಕೈರೋ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಅದರ ಪ್ರತಿಧ್ವನಿ ಕಿತ್ತೂರಿನ ಕೋಟೆಯಲ್ಲಿ ಕೇಳಿಸುತ್ತದೆ ಎಂದೇ ನನಗನ್ನಿಸುತ್ತದೆ.

ವಯಸ್ಸಿನ ಮಾತೂ ಇದೆ. 1939ರ ಹಾಲಿವುಡ್ ಚಿತ್ರವೊಂದರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯಾದ ಬೆಟ್ಟಿ ಡೇವಿಸ್‌ಗೆ ಆಗ 31ರ ಪ್ರಾಯ. ಅರವತ್ತು ದಾಟಿದ ರಾಣಿಯಾಗಲು ಆಕೆ ಹಣೆಯ ಮೇಲಿನ ಕೂದಲನ್ನೇ ಬೋಳಿಸಿಕೊಂಡಳು. ಚೆಲುವೆಯಾಗಿ ಕಾಣಬೇಕೆಂಬ ಹಟ ಅವಳಿಗಿರಲಿಲ್ಲ. ನಮ್ಮ ಸರೋಜಾದೇವಿಯವರಿಗೆ 23. ಕೋಟೆಯಲ್ಲಿ ನಿಂತ ಚೆನ್ನಮ್ಮನಿಗೋ ಸುಮಾರು 46. ಗಂಡ ಮಲ್ಲಸರ್ಜ ಸತ್ತು ಎಂಟು ವರ್ಷವಾಗಿತ್ತು. ಆ ನಟಿಯ ಕಣ್ಣಿನ ಕಿಡಿ, ಮಾತಿನ ಓಘ ಇಂದಿಗೂ ಮೈ ನವಿರೇಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನೋಡಿದವರ ನೆನಪಿನಲ್ಲಿ ಉಳಿದದ್ದು ಕತ್ತಿ ಹಿಡಿದ ಯುವತಿ. ಹಿಂದೆ ಸರಿದದ್ದು ಮನೆತನದ ಹಕ್ಕಿಗಾಗಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದ, ವ್ಯವಹಾರ ಬಲ್ಲ ವಿಧವೆ. ಕತ್ತಿ ಬಂದದ್ದು ಪತ್ರ ಸೋತ ಮೇಲೆ.

ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಕಣ್ಣು ಮುಚ್ಚಿದಳು. ಆಮೇಲೆ ಸಂಗೊಳ್ಳಿ ರಾಯಣ್ಣ ಬಂಡೆದ್ದಾಗ ಗಾದಿಗೆ ಕೂರಿಸಹೊರಟದ್ದು ಅದೇ ದತ್ತಕ ಹುಡುಗನನ್ನು, ಶಿವಲಿಂಗಪ್ಪನನ್ನು.