ಬರಗಾಲದ ರೊಟ್ಟಿ

ನಮ್ಮ ಜತ್ತ, ಅಕ್ಕಲಕೋಟ ಕಡೆಯ ಹಿರಿಯರಿಗೆ 1972 ಅಂದ ಕೂಡಲೇ ನೆನಪಾಗುವುದು ಬರ. ಜೋಳದ ನಾಡಿನಲ್ಲೇ ಜೋಳಕ್ಕೆ ತತ್ವಾರ. ಆಗ ರೇಷನ್ ಅಂಗಡಿಗೆ ಅಮೆರಿಕದ ಕೆಂಪು ಜೋಳ ಬಂತು. ಹೆಸರು ಮಿಲೋ. ಆ ಹಿಟ್ಟಿಗೆ ನಮ್ಮ ಬಿಳಿ ಜೋಳದ ಜಿಗಿಯಿಲ್ಲ, ಕುದಿನೀರು ಹಾಕಿ ನಾದಿದರೂ ರೊಟ್ಟಿ ಬಿರಿಯುತ್ತಿತ್ತು ಎನ್ನುತ್ತಾರೆ ನಮ್ಮ ಅಜ್ಜಿಯರು. ಹಿಡಿ ಹುರುಳಿ ಸಿಕ್ಕರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದೇ ಒಲೆ, ಎರಡು ಅಡಿಗೆ!

ಬರದ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ ಸುಕಡಿ ಎಂಬ ಸಿಹಿ ಹಿಟ್ಟು ಕೊಡುತ್ತಿದ್ದರು. ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಆಗ ಬೇರೂರಿ 1977ರಲ್ಲಿ ಕಾಯ್ದೆಯಾಯಿತು. ಅದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಉಳಿದದ್ದನ್ನು ಮನೆಯಲ್ಲಿ ಕೇಳಿ ಬನ್ನಿ ಎಂದೆವು. ಒಬ್ಬ ಹುಡುಗಿ ಬರೆದು ತಂದಳು: ಅವಳ ಅಜ್ಜಿ ಸುಕಡಿಯನ್ನು ತಾನು ತಿನ್ನದೆ ಸೆರಗಿನಲ್ಲಿ ಗಂಟು ಕಟ್ಟಿ ಮಕ್ಕಳಿಗೆ ತರುತ್ತಿದ್ದಳಂತೆ.