ಉಳ್ಳಾಗಡ್ಡಿ ಮತ್ತು ಬಾಗಲದಾಗಿನ ನಾಯಿ

ನಮ್ಮ ಕಡೆ ನಾಯಿಗೆ ಅಂತ ಬ್ಯಾರೆ ಅಡಗಿ ಮಾಡೋ ಪದ್ಧತಿ ಇರಲಿಲ್ಲ. ಉಳದ ರೊಟ್ಟಿ, ಅದರ ಮ್ಯಾಲೆ ತಳದಾಗಿನ ಸಾರು, ಒಂದಿಷ್ಟು ಝುಣಕ. ನಾವು ತಿಂದು ಅರಗಿಸಿಕೊಂಡದ್ದು ನಾಯಿಗೂ ಅರಗತದ ಅನ್ನೋದು ಹಿರಿಯರ ಲೆಕ್ಕ. ಉಳ್ಳಾಗಡ್ಡಿ ವಿಷಯದಾಗ ಮಾತ್ರ ಆ ಲೆಕ್ಕ ತಪ್ಪತದ ನೋಡ್ರಿ.

ಇದು ಗೊತ್ತಾದ ಕಥಿ ಹಿಂಗದ. 1890ರಾಗ ರಾಬರ್ಟ್ ಹೈಂಜ್ ಅನ್ನೋ ಜರ್ಮನ್ ವಿಜ್ಞಾನಿಗೆ, ಕೆಲವು ರಾಸಾಯನಿಕಗಳಿಂದ ಕೆಟ್ಟ ರಕ್ತದ ಕೆಂಪು ಕಣಗಳೊಳಗ ಸಣ್ಣ ಸಣ್ಣ ಗಂಟು ಕಂಡ್ವು. ಅವಕ್ಕ ಇವತ್ತಿಗೂ ಅವರದ ಹೆಸರದ. ಮುಂದ 40 ವರ್ಷಕ್ಕ, 1930ರಾಗ, ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಡಾಕ್ಟರ್ ಸೆಬ್ರೆಲ್, ಉಳ್ಳಾಗಡ್ಡಿ ತಿನಿಸಿದ ನಾಯಿಗಳಿಗೆ ರಕ್ತಹೀನತೆ ಆಗತದ ಅಂತ ಬರದು ಪ್ರಕಟಿಸಿದರು. ಅವರು ಪೆಲಾಗ್ರಾ ರೋಗದ ಕಾರಣ ಹುಡುಕೋ ತಂಡದಾಗಿದ್ದವರು. ನಾಯಿಗೂ ಅಂಥಾದ್ದೇ ಬ್ಯಾನಿ ಬರತದ ಅಂತ ಆ ತಂಡ ನಾಯಿಗಳ ಊಟ ಬದಲಿಸಿ ಪರೀಕ್ಷಾ ಮಾಡತಿತ್ತು.

ಒಳಗ ಆಗೋದಿಷ್ಟು: ಉಳ್ಳಾಗಡ್ಡಿಯೊಳಗಿನ ಗಂಧಕದ ಅಂಶಗಳು ಹಿಮೋಗ್ಲೋಬಿನ್ ಕೆಡಸ್ತಾವ, ಗಂಟು ಕಟ್ಟತದ, ಕೆಂಪು ಕಣ ಒಡೀತಾವ. ಬೆಕ್ಕಿನ ಹಿಮೋಗ್ಲೋಬಿನ್ ಇನ್ನೂ ನಾಜೂಕು. ನಾಯಿಗೆ ಮೈತೂಕದ ಕಿಲೋಕ್ಕ 15ರಿಂದ 30 ಗ್ರಾಂ ಹೋದರ ರಕ್ತದಾಗ ಬದಲಾವಣೆ ಕಾಣಸ್ತದ, ಬೆಕ್ಕಿಗೆ ಬರೇ 5 ಗ್ರಾಂ ಸಾಕು. ಅಂದ್ರ ನಾಕು ಕಿಲೋದ ಬೆಕ್ಕಿಗೆ 20 ಗ್ರಾಂ, ಸಣ್ಣ ಗಡ್ಡಿಯೊಳಗಿನ ಒಂದು ಭಾಗ! ಎಲ್ಲಾ ನಾಯಿಗೂ ಒಂದ ಅಳತಿ ನಡಿಯೋದಿಲ್ಲ. ಶಿಬಾ, ಅಕಿಟಾದಂಥ ಜಪಾನಿ ತಳಿಯ ಕೆಲವು ನಾಯಿಗಳ ರಕ್ತಕ್ಕ ಹುಟ್ಟಿನಿಂದಲೇ ಈ ಪೆಟ್ಟು ಜಾಸ್ತಿ ಅಂತ ಜಪಾನಿನ ಸಂಶೋಧಕರು ತೋರಿಸ್ಯಾರ.

ಇಷ್ಟು ಹಳೇ ಸಂಗತಿ ನಮ್ಮ ಅಡಗಿಮನಿಗೆ ಯಾಕ ಬರಲಿಲ್ಲ? ವಿಷ ಅಂದ್ರ ತಿಂದ ಕೂಡಲೇ ಒದ್ದಾಡಬೇಕು ಅಂತ ನಮ್ಮ ತಿಳುವಳಿಕಿ. ಇಲ್ಲಿ ಹಂಗ ಆಗೋದಿಲ್ರಿ. ರಕ್ತ ಕಡಿಮಿ ಆಗಿದ್ದು ಕಾಣಸ್ಲಿಕ್ಕೆ ಕೆಲವು ದಿನ ಬೇಕು. ವಸಡು ಬೆಳ್ಳಗಾಗ್ತದ, ಉಚ್ಚಿ ಕೆಂಪು ಇಲ್ಲಾ ಕಂದು ಬಣ್ಣಕ್ಕ ತಿರಗತದ, ನಾಯಿ ಮೂಲಿ ಹಿಡದು ಮಲಗತದ. ಅಷ್ಟೊತ್ತಿಗೆ ಸೋಮವಾರದ ಸಾರು ಯಾರ ನೆನಪಿನಾಗ ಇರತದ? "ವಯಸ್ಸಾತು ಪಾಪ" ಅಂತ ಸುಮ್ಮನಾಗ್ತೇವಿ.

ಕುದಿಸಿದರ, ಕರದರ, ಒಣಗಿಸಿ ಪುಡಿ ಮಾಡಿದರ ಇದರ ದೋಷ ಹೋಗೋದಿಲ್ಲ. ಬಳ್ಳೊಳ್ಳಿ, ಉಳ್ಳಾಗಡ್ಡಿ ತಪ್ಪಲಾನೂ ಅದೇ ಬಳಗ. ಗಿರ್ಮಿಟ್, ಭಜಿ, ಮಸಾಲಿ ಸಾರು ನಾಯಿ ಕಡೆ ಒಗಿಬ್ಯಾಡ್ರಿ. ಚಾತುರ್ಮಾಸದಾಗ ಉಳ್ಳಾಗಡ್ಡಿ ಬಿಡೋ ಮನಿ ನಾಯಿ ಆ ನಾಕು ತಿಂಗಳು ಪುಣ್ಯವಂತ! ಉಳದವರು ಒಗ್ಗರಣಿಗೆ ಮೊದಲ ಬ್ಯಾಳಿ ಕಟ್ಟು ಒಂದು ಬಟ್ಟಲ ತಗದಿಟ್ಟರಾತು, ರೊಟ್ಟಿಗೆ ಅದು ಸಾಕು. ತಿಂದದ್ದು ಗೊತ್ತಾದರ ಲಕ್ಷಣ ಬರೋತನಕ ಕಾಯಬ್ಯಾಡ್ರಿ, ಅವತ್ತ ದನದ ಡಾಕ್ಟರಿಗೆ ತೋರಸ್ರಿ.